ಫರ್ಹುಂದೆ ಸುಲ್ತಾನಳ ಹಿಂಬಾಗಿಲು

ಪಾದಶಹನ ತಂಗಿ ಫರ್ಹುಂದೆ ಸುಲ್ತಾನಳಿಗೆ ಮೊದಲ ಮದುವೆಯಾದಾಗ ಹಲ್ಲು ಬಂದಿತ್ತು, ಮಾತು ಇನ್ನೂ ಬಂದಿರಲಿಲ್ಲ. ವರನಿಗೆ ಮಾತು ಚೆನ್ನಾಗಿಯೇ ಬರುತ್ತಿತ್ತು, ಹಲ್ಲು ಮಾತ್ರ ಉದುರಿಹೋಗಿತ್ತು. ಪಾದಶಹನ ಮನೆಯ ಅಳಿಯನಾಗುವ ಭಾಗ್ಯಕ್ಕೆ ಆ ಪಾಶಾ ಕಂಡಕಂಡವರಿಗೆ ಕೈಮುಗಿದಿದ್ದ. ಭಾಗ್ಯ ಬಹಳ ದಿನ ಬಾಳಲಿಲ್ಲ. ಯಾವುದೋ ತಪ್ಪಿಗೆ ಅರಮನೆಯಿಂದ ರೇಷ್ಮೆಯ ಹುರಿ ಬಂತು, ಅವನ ಕೊರಳಿಗೆ ಬಿತ್ತು. ಹಾಲುಹಲ್ಲು ಬೀಳುವ ಮೊದಲೇ ಹುಡುಗಿ ವಿಧವೆ. ಆ ದಿನ ಅವಳಿಗೆ ಯಾರೋ ಹೊಸ ಗೊಂಬೆ ಕೊಟ್ಟರಂತೆ.

ಎರಡನೆಯವನು ಹೆಂಡತಿಯ ಮುಖ ನೋಡುವ ಮೊದಲೇ ದಂಡಿನಲ್ಲಿ ಪ್ಲೇಗು ಬಂದು ಸತ್ತ. ಮೂರನೆಯವನು ನಗಿಸುತ್ತಿದ್ದ. ಫರ್ಹುಂದೆಗೆ ಅವನೆಂದರೆ ಇಷ್ಟವಿತ್ತು, ಅವನನ್ನು ನೆನೆದು ನಿಜವಾಗಿಯೂ ಅತ್ತಳು. ಅವನಿಗೂ ಹುರಿಯೇ ಬಂತು. ನಾಲ್ಕನೆಯವನು ತಿಂದು ತಿಂದೇ ಹೋದ. ಒಬ್ಬೊಬ್ಬನು ಹೋದಾಗಲೂ ಅವನ ಮನೆ, ತೋಟ, ಕುದುರೆ ಎಲ್ಲ ಅರಮನೆಯ ಪಾಲಾಗುತ್ತಿತ್ತು. ಮುದಿ ಪಾಶಾಗಳನ್ನು ಬಿತ್ತಿ ಆಸ್ತಿ ಕೊಯ್ಯುವ ಈ ಬೇಸಾಯಕ್ಕೆ ತಾನೇ ಹೊಲ ಎಂಬುದು ಫರ್ಹುಂದೆಗೆ ತಡವಾಗಿ ತಿಳಿಯಿತು.

ಐದನೆಯವನು ಶಾಬಾನ್ ಪಾಶಾ. ನೌಕಾಪಡೆ ನಡೆಸಿ ದಣಿದ ಮುದುಕ, ಸದಾ ಕೆಮ್ಮು. ಅವನಿಗೆ ಪಾಕಿಜೆ ಎಂಬ ಹೆಂಡತಿಯಿದ್ದಳು. ಸುಲ್ತಾನಳ ಕೈಹಿಡಿಯುವವನು ಮೊದಲು ಮನೆಯಲ್ಲಿರುವವಳನ್ನು ಬಿಡಬೇಕು, ಅದು ಕಟ್ಟಳೆ. ಬಿಡಲಾರೆ ಎಂದರೆ ಹುರಿ ಇದ್ದೇ ಇದೆ. ಮುದುಕ ತಲಾಖನ್ನು ಒಂದೇ ಸಲ ಹೇಳಿದ, ಎರಡನೆಯ ಸಲಕ್ಕೆ ನಾಲಿಗೆ ಹೊರಳಲಿಲ್ಲ. ಧರ್ಮದ ಪ್ರಕಾರ ಅವಳನ್ನು ಮತ್ತೆ ಕರೆದುಕೊಳ್ಳುವ ದಾರಿ ಇನ್ನೂ ಇತ್ತು. ಅರಮನೆಯ ಪ್ರಕಾರ ಇರಲಿಲ್ಲ.

ಮೊದಲ ರಾತ್ರಿ ಅಳಿಯ ಹೊಸ್ತಿಲಲ್ಲಿ ಕಾಯಬೇಕು. ಸುಲ್ತಾನಳು ತಲೆಯಾಡಿಸಿದ ಮೇಲೆ ಮೊಣಕಾಲೂರಿ ಬಂದು, ಕಾಲ್ದೆಸೆಯಲ್ಲಿ ರಜಾಯಿಯ ಅಂಚಿಗೆ ಮುತ್ತಿಟ್ಟು, ಅಲ್ಲಿಂದಲೇ ಹಾಸಿಗೆ ಏರಬೇಕು. ಶಾಬಾನ್ ಪಾಶಾ ಅಂಚಿನವರೆಗೆ ಹೇಗೋ ಬಂದ. ಅಲ್ಲೇ ತಲೆಯಿಟ್ಟು ಬಿಕ್ಕಿದ.

"ಯಾಕೆ ಪಾಶಾರೇ, ಮಂಡಿನೋವಾ?"

"ಅದೂ ಇದೆ, ಸುಲ್ತಾನಮ್ಮೋರೇ."

"ಮತ್ತಿನ್ನೇನು?"

"ಇಷ್ಟೊತ್ತಿಗೆ ಪಾಕಿಜೆ ಎಣ್ಣೆ ಹಚ್ತಿದ್ಲು."

ಫರ್ಹುಂದೆ ನಕ್ಕಳು. ಮೂರನೆಯವನು ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಎದ್ದು ಕೂತು, ಮುದುಕನಿಗೂ ಒಂದು ದಿಂಬು ಕೊಟ್ಟಳು.

"ನೋಡಿ, ತೋಟದ ಕಡೆ ಒಂದು ಹಿಂಬಾಗಿಲಿದೆ, ದೋಣಿ ಇದೆ. ದಿನಾ ಸಂಜೆ ಆಚೆ ದಡದ ಉಸ್ಕುದಾರಿಗೆ ಹೋಗಿ, ಆಕೆ ಹತ್ರಾನೇ ಇರಿ. ಶುಕ್ರವಾರ ಮಾತ್ರ ಮುಂಬಾಗಿಲಿಂದ ಬಂದು ನಾಲ್ಕು ಜನಕ್ಕೆ ಕೇಳೋ ಹಾಗೆ ಕೆಮ್ಮಿ ಹೋಗಿ. ಆದ್ರೆ ನನಗೊಂದು ಮಾತು ಕೊಡ್ಬೇಕು."

"ಅಪ್ಪಣೆಯಾಗ್ಲಿ."

"ಸಾಯ್ಬಾರ್ದು. ನೀವು ಇರೋವರೆಗೂ ನನಗೆ ಇನ್ನೊಬ್ಬನ್ನ ಕಟ್ಟೋ ಹಾಗಿಲ್ಲ."

ಮುದುಕ ಆಣೆ ಮಾಡಿದ. ಅಂದಿನಿಂದ ಇಡೀ ಸಾಮ್ರಾಜ್ಯದಲ್ಲಿ ಗಂಡನ ಆರೋಗ್ಯದ ಚಿಂತೆ ಹಚ್ಚಿಕೊಂಡವಳೆಂದರೆ ಫರ್ಹುಂದೆ ಸುಲ್ತಾನಳೇ. ಎಂಥ ಪತಿಭಕ್ತಿ ಎಂದು ಊರ ಹೆಂಗಸರು ಕಣ್ಣೊರೆಸಿಕೊಂಡರು. ದೋಣಿಯಲ್ಲಿ ಜೇನು ಹೋಗುತ್ತಿತ್ತು, ತುಪ್ಪುಳಿನ ನಿಲುವಂಗಿ ಹೋಗುತ್ತಿತ್ತು, ಜೊತೆಗೆ ಬುದ್ಧಿವಾದವೂ ಹೋಗುತ್ತಿತ್ತು. ಬದನೆಕಾಯಿ ಕೊಡಬೇಡ, ಕೆಮ್ಮು ಹೆಚ್ಚುತ್ತದೆ ಎಂದು ಒಮ್ಮೆ ಪಾಕಿಜೆಗೆ ಹೇಳಿಕಳಿಸಿದಳು. ಅಂಬಿಗ ಉತ್ತರ ತಂದ, ಹೇಳಲು ಹಿಂದೆಮುಂದೆ ನೋಡಿದ.

"ಹೇಳೋ, ಏನಂದ್ಲು?"

"ನೀವು ತೊಟ್ಟಿಲಲ್ಲಿದ್ದಾಗ್ಲೇ ಅವರಿಗೆ ಅದು ಗೊತ್ತಿತ್ತಂತೆ, ಅಮ್ಮೋರೇ."

ಸುಲ್ತಾನಳಿಗೆ ಸಿಟ್ಟು ಬಂತು. ಮರುದಿನ ಇನ್ನೂ ದೊಡ್ಡ ಜೇನುಭರಣಿ ಕಳಿಸಿದಳು.

ಹೀಗೆ ಇಬ್ಬರು ಹೆಂಗಸರು ಸೇರಿ ಒಬ್ಬ ಮುದುಕನನ್ನು ಎಷ್ಟೋ ಚಳಿಗಾಲ ದಾಟಿಸಿದರು. ಆಸ್ತಿಗೆ ಕಾದು ಕೂತಿದ್ದ ಅರಮನೆಯವರ ಮುಖ ಹುಳ್ಳಗಾಗುತ್ತ ಬಂತು.

ಒಂದು ಬೆಳಗ್ಗೆ ಆ ದೋಣಿಯಲ್ಲಿ ಪಾಕಿಜೆಯೇ ಬಂದಳು. ಹಿಂಬಾಗಿಲಲ್ಲಿ ನಿಂತು ಮುಸುಕು ಸರಿಸಿದಳು.

"ಹೋಗ್ಬಿಟ್ರು."

"ಮಾತು ಕೊಟ್ಟಿದ್ರು!" ಎಂದು ಫರ್ಹುಂದೆ ಚೀರಿದಳು. ಭಯವೇ ಅವಳ ಬಾಯಲ್ಲಿ ಸಿಟ್ಟಾಗಿ ಬಂತು. ಮರುಕ್ಷಣವೇ ಸ್ವರ ತಗ್ಗಿಸಿದಳು. "ಯಾರಿಗಾದ್ರೂ ಗೊತ್ತಾಯ್ತಾ? ಇಲ್ಲ ತಾನೆ? ಆ ದಡದಲ್ಲೇ ಸದ್ದಿಲ್ದೆ ಮಣ್ಣು ಮಾಡ್ಸು. ಹಾಸಿಗೆ ಹಿಡಿದಿದ್ದಾರೆ ಅಂತ ನಾನಿಲ್ಲಿ ಹೇಳ್ತೀನಿ. ಒಂದು ವರ್ಷ ಎಳೀಬಹುದು. ನೀನು ಅಳ್ಬಾರ್ದು, ಅಷ್ಟೇ."

ಪಾಕಿಜೆ ಮುಸುಕನ್ನು ಮತ್ತೆ ಎಳೆದುಕೊಂಡಳು.

"ತಲಾಖ್ ಕೊಟ್ಟ ದಿನ ಅಳ್ಬೇಡ ಅಂದ್ರು, ಅರಮನೆಗೆ ಅವಮಾನ ಅಂತ. ನಿಮ್ಮ ಮದುವೆ ದಿನ ಅಳ್ಬೇಡ ಅಂದ್ರು, ಅಪಶಕುನ ಅಂತ. ಇವತ್ತೂ ಬೇಡ ಅಂದ್ರೆ ಆಯ್ತು. ಯಾವತ್ತು ಅಳ್ಲಿ ಅಂತ ಮಾತ್ರ ನೀವೇ ಒಂದು ದಿನ ಹೇಳ್ಬಿಡಿ, ಸುಲ್ತಾನಮ್ಮೋರೇ."

ಐದು ಸಲ ಮದುವೆಯಾದವಳಿಗೆ ನಾಚಿಕೆಯಾಯಿತು. ಪಾಕಿಜೆಯ ಕೈ ಹಿಡಿದು, ಒಳಮನೆ ದಾಟಿಸಿ, ತಾನೇ ಮುಂಬಾಗಿಲಿನವರೆಗೆ ಕರೆದುಕೊಂಡು ಹೋದಳು. ಕದ ತೆಗೆಸಿದಳು.

"ಇಲ್ಲಿ ಅಳು. ಊರೆಲ್ಲ ಕೇಳ್ಲಿ."

ಊರೆಲ್ಲ ಕೇಳಿತು. ಅರಮನೆಗೂ ಕೇಳಿತು. ಸತ್ತವನ ಹೆಸರಿನಲ್ಲಿ ಹಂಚುವ ಹಲ್ವವನ್ನು ಇಬ್ಬರೂ ಕೂತು ಮಗುಚುತ್ತಿದ್ದಾಗಲೇ ಜನಾನಾದ ಖೋಜಾ ಅಂಬರ್ ಆಗಾ ಬಂದ. ಒಂದು ಕಣ್ಣಲ್ಲಿ ನೀರು ತುಂಬಿಕೊಂಡಿದ್ದ, ಇನ್ನೊಂದರಲ್ಲಿ ಹಲ್ವ ನೋಡುತ್ತಿದ್ದ.

"ತಂಗಿ ಒಂಟಿಯಾದ್ಲಲ್ಲ ಅಂತ ಪಾದಶಹರಿಗೆ ಊಟ ಸೇರ್ತಿಲ್ಲ, ಸುಲ್ತಾನಮ್ಮೋರೇ. ಶಾಸ್ತ್ರದ ದಿನ ಕಳೀಲಿ, ಅವಸರ ಏನಿಲ್ಲ. ವರನ ಹೆಸರು ಮಾತ್ರ ಗೊತ್ತು ಮಾಡಿದಾರೆ."

"ವಯಸ್ಸಾಗಿದ್ಯಾ?"

"ಅನುಭವಸ್ಥರು."

"ಕೆಮ್ಮು?"

"ಸ್ವಲ್ಪ."

"ಹೆಂಡತಿ?"

"ಇದ್ಲು, ಇವತ್ತು ಬೆಳಗ್ಗೆವರೆಗೂ."

ಫರ್ಹುಂದೆ ಸೌಟನ್ನು ಪಾಕಿಜೆಯ ಕೈಗೆ ಕೊಟ್ಟು ಎದ್ದಳು.

"ಆ ಹೆಂಡ್ತಿಗೆ ಹೇಳಿಕಳ್ಸಿ, ಆಗಾ. ಕಾಣಿಕೆ ಅಂತ ಸಿಹಿ ಶರಬತ್ತು ಏನೂ ತರೋದು ಬೇಡ. ನಾಳೆ ದೋಣಿ ಕಳಿಸ್ತೀನಿ, ಹಿಂಬಾಗಿಲಿಂದ ಬರ್ಲಿ. ಆ ಮುದುಕರಿಗೆ ತಿನ್ನೋಕೆ ಏನು ಆಗುತ್ತೆ ಏನು ಆಗಲ್ಲ ಅಂತ ಕೇಳ್ಕೊಳ್ಳೋದಿದೆ."