ಮೈಕಿನ ಶಾಂತಲಾ ಮತ್ತು ಹೇಳದೆ ಕೇಳದೆ ಬದಲಾದ ಕಂಪ್ಯೂಟರು

ಮಡಿಕೇರಿಯ ಮೊದಲ ಬಸ್ಸು ಹುಣಸೂರು ನಿಲ್ದಾಣ ಬಿಡುವುದರೊಳಗೆ ಶಾಂತಲಾ ಅವರ ಅರ್ಧ ಕೆಲಸ ಮುಗಿದಿರಬೇಕು. ಇನ್ನೂ ಬೆಳಕು ಹರಿದಿಲ್ಲ. ಅವರು ಫ್ರಿಜ್ಜಿನ ಸ್ವಿಚ್ ಆರಿಸುತ್ತಾರೆ, ಫ್ಯಾನ್ ನಿಲ್ಲಿಸುತ್ತಾರೆ, ಹುಂಜ ಇರುವ ಮಂಕರಿಯ ಮೇಲೆ ಇನ್ನೊಂದು ಗೋಣಿಚೀಲ ಹೊದಿಸುತ್ತಾರೆ. ಹಾಲಿನವನು ಬೆಲ್ಲು ಹೊಡೆಯದ ಹಾಗೆ ನೋಡಿಕೊಳ್ಳಲು ಗಂಡ ಶಂಕರ್ ಜಗಲಿಯ ಮೇಲೆ ಕಾವಲು ಕೂರುತ್ತಾರೆ. ಒಳಗೆ, ಒಬ್ಬರು ಕೈಚಾಚಿದರೆ ಎರಡೂ ಗೋಡೆ ಸಿಗುವ ಕೋಣೆ. ಗೋಡೆಗೆಲ್ಲ ಕಂಬಳಿ, ಹಳೆಯ ದುಪ್ಪಟಿ. ಮೇಜಿನ ಮೇಲೊಂದು ಕಂಪ್ಯೂಟರು, ಅದರ ಮುಂದೆ ಕಾಲುಚೀಲ ತೊಡಿಸಿದ ಮೈಕು.

ಶಾಂತಲಾ ಒಂದು ಗುಟುಕು ಬಿಸಿನೀರು ಕುಡಿದು, ದನಿ ಮುದ್ರಿಸುವ ಗುಂಡಿ ಒತ್ತಿ, ಮೈಕಿಗೆ ಬಾಯಿ ಕೊಡುತ್ತಾರೆ. 'ಹಾರನಹಳ್ಳಿ ಹೋಬಳಿಯ ಸಮಸ್ತ ರೈತ ಬಾಂಧವರೇ, ನಾಳೆ ಬೆಳಗ್ಗೆ ಪಶು ಆಸ್ಪತ್ರೆಯ ಆವರಣದಲ್ಲಿ ಕುರಿ, ಮೇಕೆಗಳಿಗೆ ಉಚಿತವಾಗಿ ಲಸಿಕೆ ಹಾಕಲಾಗುವುದು...' ಒಂದಕ್ಷರವೂ ಜಾರದ, ತುಂಬಿದ ದನಿ. ಅಷ್ಟರಲ್ಲಿ ಬೀದಿನಾಯಿ ಬೊಗಳುತ್ತದೆ. ಮೈಕು ಬಿಟ್ಟು ತಿರುಗಿದವರ ದನಿಯೇ ಬೇರೆ: 'ರೀ, ಆ ನಾಯಿನ ಒಸಿ ಅತ್ಲಾಗೆ ಓಡ್ಸೀ!'

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಈ ದನಿ ಕೇಳದವರು ಕಡಿಮೆ. ಪೋಲಿಯೋ ಹನಿ, ಕರೆಂಟು ನಿಲುಗಡೆ, ಗ್ರಾಮಸಭೆ, ಪೌರಾಣಿಕ ನಾಟಕ, ಕಳೆದುಹೋದ ಎತ್ತು, ಊರ ಹಿರಿಯರ ಸಾವು, ಯಾವ ಸುದ್ದಿಯಾದರೂ ಇವರ ಬಾಯಿಂದ ಪೆನ್‌ಡ್ರೈವಿಗಿಳಿದು, ಶಂಕರ್ ಓಡಿಸುವ ಆಟೋದ ಮೈಕಿಗೆ ಬಂದು ಹಳ್ಳಿ ಸೇರುತ್ತದೆ. ದಿನಕ್ಕೆ ಮೂರೋ ನಾಲ್ಕೋ ಪ್ರಚಾರ. ಹೊಗೆಸೊಪ್ಪು ಮಾರಾಟವಾಗುವ ಕಾಲದಲ್ಲಿ ಇನ್ನೂ ಹೆಚ್ಚು. ಆದರೆ ಮುಖ ಕಂಡವರು ತೀರಾ ಕಡಿಮೆ.

'ಒಂದ್ಸಲ ಅಂತರಸಂತೆ ಸಂತೇಲಿ ಒಣಮೀನು ತಗೋತಿದ್ದೆ. ನನ್ನ ದನಿ ಆಕ್ಕಂಡು ನಮ್ಮೆಜಮಾನ್ರ ಆಟೋನೇ ಓಯ್ತಾ ಇತ್ತು. ಅಂಗ್ಡಿಯಮ್ಮ, ಥೂ, ಇವಳ್ದು ಬೆಳಿಗ್ಗಿಂದ ಒಂದೇ ಗೋಳು ಕಣವ್ವ ಅಂದ್ಲು. ಊಂ ಕಣಕ್ಕ, ಬಾಯಿ ನೋಯಾಕಿಲ್ವಾ ಅವಳ್ಗೆ ಅಂತ ನಾನೂ ಅಂದೆ' ಎಂದು ನನ್ನತ್ತ ನೋಡಿ ನಗುತ್ತಾರೆ.

ಈ ಕಸುಬು ಬಂದದ್ದು ದೊಡ್ಡಪ್ಪ ಸೋಮಯ್ಯನವರಿಂದ. ಟೆಂಟು ಸಿನಿಮಾದ ಕಾಲದಲ್ಲಿ ಸೋಮಯ್ಯ ಎತ್ತಿನಗಾಡಿಯ ಎರಡೂ ಬದಿಗೆ ಪೋಸ್ಟರು ಕಟ್ಟಿ, ತಗಡಿನ ತುತ್ತೂರಿ ಬಾಯಿಗಿಟ್ಟು ಊರೂರು ಸುತ್ತುತ್ತಿದ್ದರು. ಬಣ್ಣದ ನೋಟೀಸು ತೂರುವುದು ಗಾಡಿಯಲ್ಲಿ ಕೂತ ಪುಟ್ಟ ಶಾಂತಲಾಳ ಕೆಲಸ. 'ಗಾಡಿ ಇಂದೆ ಐಕ್ಳು ಓಡ್ಬರೋವು. ನೋಟೀಸ್ ಸಿಗ್ಲಿಲ್ಲ ಅಂತ ಅಳೋವು. ಆ ಕಾಗ್ದದ ವಾಸ್ನೆ ಇನ್ನೂ ನನ್ ಮೂಗಲ್ಲೈತೆ' ಎನ್ನುತ್ತಾರೆ.

ಮುಂದೆ ಗಾಡಿ ಹೋಗಿ ಬಾಡಿಗೆ ಕಾರು ಬಂತು, ಕಾರು ಹೋಗಿ ಆಟೋ ಬಂತು. ಸೋಮಯ್ಯನವರ ದನಿ ಬಳಲಿದಾಗ ಶಾಂತಲಾ ಮೈಕು ಹಿಡಿದರು. ನಾಟಕದ ಸಂಘದವರು ಒಪ್ಪಲಿಲ್ಲ. ಹೆಂಗಸಿನ ದನಿ ಕೇಳಿ ಯಾರು ಬರುತ್ತಾರೆ ಎಂದು ಮುಂಗಡವನ್ನೇ ವಾಪಸ್ಸು ಕೇಳಿದರಂತೆ. ಅದೇ ವಾರ ಪೋಲಿಯೋ ಹನಿಯ ಪ್ರಚಾರಕ್ಕೆ ಹೋದಾಗ ತಾಯಂದಿರು ಕೂಸು ಎತ್ತಿಕೊಂಡೇ ಬಾಗಿಲಿಗೆ ಬಂದರು. 'ಆಮ್ಯಾಕೆ ಯಾರೂ ಏನೂ ಅನ್ಲಿಲ್ಲ ಬುಡಿ' ಎಂದು ಶಾಂತಲಾ ಆ ಮಾತು ಮುಗಿಸಿಬಿಡುತ್ತಾರೆ.

ದೊಡ್ಡಪ್ಪ ಕಲಿಸಿದ ಮೊದಲ ಪಾಠ ಹಕಾರದ್ದು. 'ಮನೇಲಿ ಅಳ್ಳಿ ಅನ್ನು, ಮೈಕಲ್ಲಿ ಹಳ್ಳಿ ಅನ್ಬೇಕು ಮಗ' ಎಂದು ಗದರುತ್ತಿದ್ದರಂತೆ.

ಪೇಟೆಯ ಇಂಟರ್ನೆಟ್ ಸೆಂಟರು ಮುಚ್ಚಿದಾಗ ಅಲ್ಲಿನ ಒಂದು ಕಂಪ್ಯೂಟರನ್ನು ಶಂಕರ್ ಮನೆಗೆ ತಂದರು. ದನಿ ಮುದ್ರಿಸುವ ಹಳೆಯ ಪ್ರೋಗ್ರಾಂ ಒಂದನ್ನು ಶಾಂತಲಾ ತಪ್ಪುತ್ತಾ ತಪ್ಪುತ್ತಾ ಕಲಿತರು. ಸೋಮಯ್ಯನವರು ತೀರಿಕೊಳ್ಳುವ ಹಿಂದಿನ ವರ್ಷ, ಇದೇ ಕಂಬಳಿ ಕೋಣೆಯಲ್ಲಿ ಅವರನ್ನು ಕೂರಿಸಿ ಮುದ್ರಿಸಿಕೊಂಡರು. 'ಕೈಲಿರುವ ಕೆಲಸ ಒಂದು ಗಳಿಗೆ ಬಿಡಿ, ಇತ್ತ ಕಿವಿಗೊಡಿ!' ಎಂಬ ಅವರ ಕೂಗು, ಆಮೇಲೆ ನಾಲ್ಕು ತಾಲ್ಲೂಕಿನ ಊರುಗಳ ಹೆಸರು ಒಂದೊಂದಾಗಿ. ಮುದುಕರು ತೀರಿದ ಮೇಲೂ ಪ್ರತಿ ಪ್ರಚಾರ ಅವರ ಕೂಗಿನಿಂದಲೇ ಶುರುವಾಗುತ್ತಿತ್ತು. ಊರಿನ ಹೆಸರು ಅವರದು, ಉಳಿದ ಸುದ್ದಿ ಇವರದು. 'ದಿನಾ ಬೆಳಿಗ್ಗೆ ದೊಡ್ಡಪ್ಪನ ಜೊತೇಲೇ ಕೆಲ್ಸ ಮಾಡ್ದಂಗಿರೋದು' ಎನ್ನುತ್ತಾರೆ ಶಾಂತಲಾ.

ಮಗಳು ರಾಣಿಯ ಕಾಲೇಜು ಪಾಠಕ್ಕೆಂದು ಮನೆಗೆ ಇಂಟರ್ನೆಟ್ ಹಾಕಿಸಿದ ಮೇಲೆ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳತೊಡಗಿತು. ಕಂಪ್ಯೂಟರನ್ನು ನಡೆಸುವ ಹೊಸ ವ್ಯವಸ್ಥೆ ಸಿದ್ಧವಾಗಿದೆ, ಹಾಕಿಕೊಳ್ಳುತ್ತೀರಾ ಎಂದು ಅದು ಕೇಳುತ್ತಿತ್ತು. 'ಈಗ ಅಂತ ಒಂದು, ಆಮೇಲೆ ಅಂತ ಒಂದು, ಎಲ್ಡೇ ಬಟನ್ನು. ಬ್ಯಾಡ ಅನ್ನೋದೇ ಇಲ್ಲ ಕಣ್ರೀ! ನಾನು ದಿನಾ ಆಮೇಲೆ, ಆಮೇಲೆ ಅಂತ ಒತ್ಕಂಡು ಬಂದೆ. ಮನೆಗೆ ನೆಂಟ್ರು ಬಂದ್ರೂ ಬಾಗ್ಲಲ್ಲಿ ನಿಂತು ಒಂದ್ಮಾತು ಕೂಗ್ತಾರೆ. ಇದು ಒಳೀಕ್ಕೆ ಬಂದು ಪಾತ್ರೆಪಡಗವೆಲ್ಲ ಬದ್ಲಾಯಿಸ್ಬುಡ್ತು.'

ಅದು ನಡೆದದ್ದು ಕಳೆದ ರಾಗಿ ಕೊಯ್ಲಿನ ಕಾಲದಲ್ಲಿ. ಇನ್ನೂ ಕತ್ತಲಿರುವಾಗಲೇ ಅರಣ್ಯ ಇಲಾಖೆಯ ವಾಚರ್ ಕರಿಯಯ್ಯನವರ ಫೋನು ಬಂತು. ಹನಗೋಡಿನಾಚೆ, ಕಾಡಂಚಿನ ಊರೊಂದರ ನೀಲಗಿರಿ ತೋಪಿಗೆ ಆನೆಗಳು ಬಂದು ಸೇರಿಕೊಂಡಿವೆ. ಬೆಳಕು ಹರಿದ ಕೂಡಲೇ ಅವನ್ನು ಕಾಡಿಗೆ ಅಟ್ಟುತ್ತಾರೆ. ಅಲ್ಲಿಯವರೆಗೆ ಜನ ಹೊಲದ ಕಡೆ ಹೋಗಬಾರದು.

'ಬಿರ್ನೆ ಒಂದು ಅನೌನ್ಸ್ ಮಾಡ್ಕೊಡವ್ವ. ಶಂಕರಪ್ಪನ್ನ ಈಗ್ಲೇ ಕಳ್ಸು' ಎಂದರು ಕರಿಯಯ್ಯ.

ಇಂಥ ಪ್ರಚಾರ ಹತ್ತು ನಿಮಿಷದ ಕೆಲಸ. ಶಾಂತಲಾ ಕೋಣೆಗೆ ಹೋಗಿ ನೋಡಿದರೆ ಪರದೆಯ ತುಂಬಾ ನೀಲಿ. ನಡುವೆ ಬಿಳಿ ಚುಕ್ಕೆಗಳು ಸುತ್ತುತ್ತಿವೆ. ಹೊಸ ವ್ಯವಸ್ಥೆ ಅಳವಡಿಸಲಾಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ರಾತ್ರಿ ಮಲಗುವಾಗ ಅವರು ಅದನ್ನು ಆರಿಸಿರಲಿಲ್ಲ. ಎಲ್ಲರೂ ನಿದ್ದೆಯಲ್ಲಿದ್ದಾಗ ಅದು ತಾನಾಗಿ ಕೆಲಸ ಶುರುಮಾಡಿತ್ತು. ಕಾಲು ಭಾಗಕ್ಕೆ ಬಂದ ಲೆಕ್ಕ ಅಲ್ಲೇ ನಿಂತಿತ್ತು.

'ವೈರ್ ಕಿತ್ಬುಡ್ಲಾ?' ಎಂದರು ಶಂಕರ್.

'ಬ್ಯಾಡಿ ಕಣ್ರೀ, ದೊಡ್ಡಪ್ಪ ಅದ್ರೊಳಗವ್ರೆ!'

ಹಾಗೆಂದವರೇ ಶಾಂತಲಾ ಅಟ್ಟದ ಮೇಲಿದ್ದ ಕೈಮೈಕು ಇಳಿಸಿ, ಸೆರಗು ಸಿಕ್ಕಿಸಿ, ಆಟೋ ಹತ್ತಿದರು. ರಾಣಿ ಹುಟ್ಟಿದ ಮೇಲೆ ಅವರು ಆಟೋದಲ್ಲಿ ಕೂತು ಪ್ರಚಾರಕ್ಕೆ ಹೋಗಿರಲಿಲ್ಲ.

ಊರು ಮುಟ್ಟುವಾಗ ಮಂಜು ಕವಿದಿತ್ತು. ಡೈರಿಗೆ ಹಾಲು ಹೊತ್ತ ಹೆಂಗಸರು ಆಗಲೇ ಬೀದಿಯಲ್ಲಿದ್ದರು. 'ಗ್ರಾಮಸ್ಥರಲ್ಲಿ ವಿನಂತಿ' ಎಂದು ಶುರುಮಾಡಿದರೆ, ದೊಡ್ಡಪ್ಪನ ಕೂಗು ಮುಂದೆ ಇಲ್ಲದೆ ಮಾತಿಗೆ ಬುಡವೇ ಇಲ್ಲವೆನಿಸಿತು. ಹೆಂಗಸರು ತಿರುಗಿ ನೋಡಿ, ಯಾವುದೋ ಪ್ರಚಾರ ಎಂದುಕೊಂಡು ನಡೆದೇ ನಡೆದರು. ಆಗ ಶಾಂತಲಾ ಬರವಣಿಗೆಯ ಮಾತು ಬಿಟ್ಟರು.

'ಅಕ್ಕಾ, ಆಲು ಒತ್ಕಂಡು ಓಗ್ತಿರೋರೇ, ನಿಮ್ಗೇ ಯೋಳ್ತಿರೋದು! ತೋಪಲ್ಲಿ ಆನೆ ಐತೆ! ಇಂದಕ್ಕೆ ತಿರುಗ್ರಿ!'

ಹೆಂಗಸರು ನಿಂತರು, ಹಿಂತಿರುಗಿದರು. ಬಾಗಿಲುಗಳು ತೆರೆದವು, ಮುಚ್ಚಿದವು. ಊರ ಕೊನೆಯ ಮನೆ ದಾಟಿದಾಗ, ಮುಂದೆ ಮಂಜಿನಲ್ಲಿ ಕಂಬಳಿ ಹೊದ್ದ ಮುದುಕರೊಬ್ಬರು ಹೊಲದ ಕಡೆ ನಡೆದು ಹೋಗುತ್ತಿರುವುದು ಕಂಡಿತು. ಕೂಗಿದರೂ ತಿರುಗಲಿಲ್ಲ. ಆ ಮನೆಯ ಬಾಗಿಲಲ್ಲಿ ನಿಂತಿದ್ದ ತಿಮ್ಮಮ್ಮ ಎಂಬ ಹಿರಿಯರು ಬಾಯಿ ಬಡಿದುಕೊಂಡರು. 'ನಮ್ಮೆಜಮಾನ ಕಣವ್ವ! ಚೆಲುವಯ್ಯ! ಕಿವಿ ಮಂದ!'

ಶಂಕರ್ ಮೈಕಿನ ಸದ್ದು ಪೂರ್ತಿ ಏರಿಸಿದರು. ಶಾಂತಲಾ ಉಸಿರು ತುಂಬಿಕೊಂಡು ಕೂಗಿದರು. 'ಚೆಲುವಯ್ಯೋ! ಚೆಲುವಯ್ಯಾ! ತಿಮ್ಮಮ್ಮ ಕರೀತಾವ್ಳೆ, ಮನೀಗೆ ಬಾ!'

ಮುದುಕರು ನಿಂತರು. ತಿರುಗಿದರು. ಬೆಳಗಾಗುವ ಮೊದಲೇ ಹೆಂಡತಿ ಮೈಕು ಹಾಕಿಸಿ ಕರೆಯುವಂಥದ್ದು ಏನಾಯಿತೋ ಎಂದುಕೊಂಡು ಮೆಲ್ಲಗೆ ಹಿಂದಕ್ಕೆ ಬಂದರು. ಅವರು ಜಗಲಿ ಹತ್ತಿ ಹೆಚ್ಚು ಹೊತ್ತಾಗಿರಲಿಲ್ಲ, ತೋಪಿನ ಕಡೆ ಪಟಾಕಿ ಸಿಡಿದವು. ಮಂಜಿನೊಳಗಿಂದ ಆನೆಗಳು ಒಂದರ ಹಿಂದೊಂದು ಬಂದು, ಚೆಲುವಯ್ಯ ನಡೆಯುತ್ತಿದ್ದ ಹಾದಿಯನ್ನೇ ಅಡ್ಡ ಹಾಯ್ದು ಕಾಡಿನ ದಿಕ್ಕಿಗೆ ಇಳಿದವು. ಮರಿಯೊಂದು ತಾಯಿಯ ಹೊಟ್ಟೆಯ ಕೆಳಗೇ ಓಡುತ್ತಿತ್ತು.

ಆಮೇಲೆ ತಿಮ್ಮಮ್ಮ ಬೆಲ್ಲದ ಕಾಫಿ ತಂದು ಕೊಟ್ಟು, ಶಾಂತಲಾರನ್ನು ಮೇಲಿಂದ ಕೆಳಗೆ ನೋಡಿದರು. 'ಆಟೋ ಮೈಕಲ್ಲಿ ಮಾತಾಡೋವ್ಳು ನೀನೇಯಾ? ನಾನು ಯಾರೋ ಪ್ಯಾಟೆ ಮೇಡಮ್ಮು ಅಂದ್ಕಂಡಿದ್ದೆ. ನಮ್ಮಂಗೇ ಇದ್ದೀಯಲ್ಲವ್ವ!'

ಈ ಪ್ರಸಂಗ ಹೇಳುವಾಗ ಶಂಕರ್ ನಡುವೆ ಬಾಯಿ ಹಾಕುತ್ತಾರೆ. 'ಪೆನ್‌ಡ್ರೈವ್ ಆಗಿದ್ರೆ ಚೆಲುವಯ್ಯನ ಹೆಸ್ರು ಕೂಗ್ತಿತ್ತಾ, ನೀವೇ ಯೋಳಿ.' ಶಾಂತಲಾ ಮಾತ್ರ ಅದನ್ನು ದೊಡ್ಡದು ಮಾಡುವುದಿಲ್ಲ. 'ಕಣ್ಗೆ ಕಾಣ್ತು, ಕರ್ದೆ' ಎನ್ನುತ್ತಾರೆ.

ಮನೆಗೆ ಬಂದಾಗ ಕಂಪ್ಯೂಟರು ಎದ್ದು ಕೂತಿತ್ತು. ಪರದೆಯ ಮೇಲೆ ಯಾವುದೋ ದೇಶದ ಸಮುದ್ರದ ಚಿತ್ರ. ದನಿ ಮುದ್ರಿಸುವ ಹಳೆಯ ಪ್ರೋಗ್ರಾಂ ಒತ್ತಿದರೆ ತೆರೆಯಲಿಲ್ಲ, ಇದು ಈ ವ್ಯವಸ್ಥೆಗೆ ಹೊಂದುವುದಿಲ್ಲ ಎಂಬ ಒಂದು ಸಾಲು ಬಂತು. ಸೋಮಯ್ಯನವರ ಕೂಗು, ಊರುಗಳ ಹೆಸರು ಎಲ್ಲವೂ ಆ ಪ್ರೋಗ್ರಾಮಿಗೆ ಮಾತ್ರ ತೆರೆಯುವ ಕಡತಗಳಲ್ಲಿದ್ದವು. ಪೆನ್‌ಡ್ರೈವಿನಲ್ಲಿ ಹಳೆಯದನ್ನು ಅಳಿಸಿ ಹೊಸದು ತುಂಬುವುದು ರೂಢಿ. ಉಳಿದಿದ್ದ ಒಂದೆರಡು ಪ್ರಚಾರಗಳಲ್ಲೂ ದನಿಯ ಮೇಲೆ ಸಂಗೀತ ಬೆರೆತುಹೋಗಿತ್ತು, ಬೇರೆ ಮಾಡುವಂತಿರಲಿಲ್ಲ.

'ಆವತ್ತು ಒಲೆ ಅಚ್ಚಲಿಲ್ಲ ಮೇಡಂ. ದೊಡ್ಡಪ್ಪ ತೀರೋದಾಗ ನಾನಷ್ಟು ಅತ್ತಿರ್ಲಿಲ್ಲ. ದಿನಾ ದನಿ ಕೇಳ್ತಿದ್ನಲ್ಲ, ಓದಂಗೇ ಅನ್ಸಿರ್ಲಿಲ್ಲ. ಆವತ್ತು ಓದ್ರು.'

ಕಂಪ್ಯೂಟರು ರಿಪೇರಿ ಮಾಡುವ ಚೇತನ್‌ಕುಮಾರ್ ಅವರ ಅಂಗಡಿ ಬಸ್ ನಿಲ್ದಾಣದ ಹಿಂದಿದೆ. ಈ ಥರದ ದೂರು ತಮಗೆ ಹೊಸದಲ್ಲ ಎನ್ನುತ್ತಾರೆ ಅವರು. ಬೆಳಗಾಗುವುದರೊಳಗೆ ಪ್ರಿಂಟರು ಕೈಕೊಟ್ಟವರು, ಕನ್ನಡ ಅಕ್ಷರವೆಲ್ಲ ಚೌಕಚೌಕವಾದವರು, ಫೋಟೋ ಎಲ್ಲಿ ಹೋದವೆಂದು ತಿಳಿಯದವರು ದಿನವೂ ಬರುತ್ತಾರೆ. ಶಾಂತಲಾರ ಯಂತ್ರವನ್ನು ಹಳೆಯ ವ್ಯವಸ್ಥೆಗೆ ಮರಳಿಸಲು ಅವರು ನೋಡಿದರು, ಆಗಲಿಲ್ಲ. ಇನ್ನೊಂದು ಹಳೆಯ ಕಂಪ್ಯೂಟರಿಗೆ ಕಡತಗಳನ್ನು ಹಾಕಿ ನೋಡಿದರು. ಹೊಸ ವ್ಯವಸ್ಥೆ ಸೇರುವಾಗ ಅರ್ಧ ಬದಲಾಗಿ ಕೆಟ್ಟಿದ್ದ ಕಡತಗಳು ಅಲ್ಲಿಯೂ ಬಾಯಿ ಬಿಡಲಿಲ್ಲ. ಇನ್ನೇನು ಕೈಚೆಲ್ಲಬೇಕು ಎನ್ನುವಾಗ, ಒಂದು ಮೂಲೆಯ ಫೋಲ್ಡರಿನಲ್ಲಿ ಸಣ್ಣಸಣ್ಣ ತುಣುಕುಗಳ ರಾಶಿ ಸಿಕ್ಕಿತು. 'ಅಕ್ಕ ಕಟ್ ಮಾಡಿ ಬಿಸಾಕಿದ್ದನ್ನೆಲ್ಲ ಆ ಹಳೇ ಪ್ರೋಗ್ರಾಂ ಸಾದಾ ಆಡಿಯೋ ಆಗಿ ಬೇರೆ ಕಡೆ ಎತ್ತಿಟ್ಟಿತ್ತು. ಇದು ಬೇಕಾ, ಅಳಿಸ್ಲಾ ಅಂತ ಕೇಳ್ದೆ. ಅವರು ಹೆಡ್‌ಫೋನ್ ಹಾಕ್ಕೊಂಡೋರು ಸಂಜೆವರ್ಗೂ ತೆಗೀಲಿಲ್ಲ' ಎಂದು ಚೇತನ್‌ಕುಮಾರ್ ನೆನೆಯುತ್ತಾರೆ.

ಊರಿನ ಹೆಸರುಗಳನ್ನು ಸ್ವಚ್ಛವಾಗಿ ಉಳಿಸಿಕೊಳ್ಳಲು ಶಾಂತಲಾ ಕತ್ತರಿಸಿ ತೆಗೆದಿದ್ದದ್ದು, ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಸೋಮಯ್ಯ ಆಡಿದ್ದ ಮಾತುಗಳನ್ನು. ಕೆಮ್ಮು, ನಗು, ನಶ್ಯ ಏರಿಸುವ ಸದ್ದು. ಹೆಸರು ಹೋಗಿತ್ತು, ಮಾತು ಉಳಿದಿತ್ತು.

ಈಗ ಶಾಂತಲಾ ಹೊಸ ಪ್ರೋಗ್ರಾಂ ಕಲಿತಿದ್ದಾರೆ. ಪ್ರಚಾರದ ಮೊದಲ ಕೂಗೂ ಅವರದೇ. ಆನೆಯ ಸುದ್ದಿಯಿದ್ದರೆ ಕರಿಯಯ್ಯ ಪೆನ್‌ಡ್ರೈವ್ ಕೇಳುವುದಿಲ್ಲ, ನೀನೇ ಬಾರವ್ವ ಎನ್ನುತ್ತಾರೆ. ಬ್ಯಾರನ್ ಎನ್ನುವ ಬೇಯಿಸುವ ಮನೆಗಳಲ್ಲಿ ಹೊಗೆಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ಮಾತ್ರ ಹೊಗೆಗೆ ಗಂಟಲು ಕಟ್ಟುತ್ತದೆ, ಆಗ ಮೆಣಸಿನ ಕಷಾಯವೇ ಗತಿ.

ಲಸಿಕೆಯ ಪ್ರಚಾರ ಹೊತ್ತ ಆಟೋ ಹಾರನಹಳ್ಳಿಗೆ ಹೊರಟಿದೆ. ಬಿಸಿಲು ಬಿದ್ದ ಜಗಲಿಯಲ್ಲಿ ಕೂತು ಶಾಂತಲಾ ತಮ್ಮ ಫೋನಿನಲ್ಲಿ ಒಂದು ತುಣುಕು ಕೇಳಿಸುತ್ತಾರೆ. ಸ್ವಲ್ಪ ಹೊತ್ತು ಉಸಿರಾಟ. ಆಮೇಲೆ ಮುದಿ ದನಿ: 'ಈ ಊರಲ್ಲಿ ಒಂದ್ಸಲ ಗಾಡಿ ಕೆಸ್ರಲ್ಲಿ ಊತೋಗಿತ್ತು ಕಣವ್ವ. ನೀನು ನೋಟೀಸೆಲ್ಲ ಚಕ್ರದ ಕೆಳೀಕ್ಕೆ ಆಸ್ಬುಟ್ಟಿದ್ದೆ, ಗಾಡಿ ಏಳ್ಲಿ ಅಂತ. ಗ್ಯಾಪ್ನ ಐತಾ?' ಅದರ ಹಿಂದೆಯೇ, ಆಗಿನ ಶಾಂತಲಾರ ಅವಸರದ ದನಿ: 'ದೊಡ್ಡಪ್ಪ, ಬರೀ ಊರ್ ಹೆಸ್ರು ಯೋಳು, ರೆಕಾರ್ಡಾಯ್ತೈತೆ.'

ಇದನ್ನು ಪ್ರಚಾರದ ನಡುವೆ ಎಲ್ಲಾದರೂ ಸೇರಿಸುವ ಆಸೆಯಿಲ್ಲವೇ ಎಂದು ಕೇಳುತ್ತೇನೆ. ಶಾಂತಲಾ ಫೋನನ್ನು ಸೆರಗಿನಲ್ಲಿ ಒರೆಸುತ್ತಾರೆ.

'ಇಲ್ಲ ಕಣ್ರೀ. ಇದನ್ನ ಮೈಕಿಗೆ ಕೊಡಾಕಿಲ್ಲ. ಮೈಕಿಗೆ ನಾನಿದ್ದೀನಲ್ಲ.'