ಬೆಳ್ಯಪ್ಪ ಗೌಡರು ಬಿಚ್ಚಿ ನೋಡಿದ ಪಂಪುಗಳು

ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಹಿತ್ತಾಳೆ ಪಂಪಿನ ಮಾತೆತ್ತಿದಲ್ಲೆಲ್ಲ ಶ್ರೀ ಬೆಳ್ಯಪ್ಪ ಗೌಡರ ಹೆಸರು ಬರುತ್ತದೆ. ಮಾರಿದ ಮೇಲೂ ವಸ್ತುವಿನ ಆಯುಸ್ಸನ್ನು ಕಾಯುವುದೇ ಕುಲುಮೆಯ ಇದ್ದಲು ಉಳಿಸುವ ದಾರಿ ಎಂದು ಪುತ್ತೂರಿನ ನಮ್ಮ ಕಾರ್ಖಾನೆಗೆ ಕಲಿಸಿದವರು ಅವರು. ಈ ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಹೊಗಳಲು ನಾನು ತಕ್ಕವನಲ್ಲ. ಅವರೊಡನೆ ಅತಿ ಹೆಚ್ಚು ಜಗಳವಾಡಿದವನು ನಾನೇ.

ಎಪ್ಪತ್ತೊಂದರಲ್ಲಿ ಕೃಷ್ಣಮೋಹನನೆಂಬ ನಾನು ಎರಕದ ವಿಭಾಗಕ್ಕೆ ಸೇರಿದಾಗ ಅವರು ದೊಡ್ಡ ಮೇಸ್ತ್ರಿ. ಮೊದಲ ವಾರವೇ ಬಲಗೈ ಸುಟ್ಟುಕೊಂಡ ನನಗೆ ಬುತ್ತಿಯ ಅನ್ನ ಕಲಸಿ ಕೊಟ್ಟು, ಕೆಲಸ ಕಲಿಸಿ, ಎರಡನೆಯ ಮೇಸ್ತ್ರಿಯನ್ನಾಗಿ ಮಾಡಿದರು.

ನಮ್ಮೂರಿನವರಿಗೊಂದು ಅಭ್ಯಾಸ. ಮಳೆಗಾಲದ ಕೊನೆಯ ಮದ್ದು ಬಿಟ್ಟಾದ ಮೇಲೆ ಪಂಪನ್ನು ತೊಳೆಯದೆ ಅಟ್ಟಕ್ಕೆ ಹಾಕುವುದು. ಮರುವರ್ಷ ಅದು ಎಳೆಯುವುದಿಲ್ಲ. ಗುಜರಿಗೆ ಕೊಟ್ಟು ಹೊಸತು ಕೊಳ್ಳುತ್ತಾರೆ. ಆ ಗುಜರಿಯನ್ನು ನಾವು ವಾರಕ್ಕೆ ಆರು ದಿನ ಕುಲುಮೆ ಉರಿಸಿ ಕರಗಿಸಿ, ಮತ್ತೆ ಪಂಪೇ ಎರೆಯುತ್ತಿದ್ದೆವು. ಎಪ್ಪತ್ತಾರರ ಒಂದು ಮಧ್ಯಾಹ್ನ ಗೌಡರು ಕರಗಿಸಲಿಟ್ಟ ಮೂವತ್ತು ಪಂಪುಗಳನ್ನು ಬಿಚ್ಚಿ ನೋಡಿದರು. ಇಪ್ಪತ್ತಾರರಲ್ಲಿ ಕೆಟ್ಟದ್ದು ಒಳಗಿನ ತೊಗಲಿನ ವಾಷರ್ ಮಾತ್ರ.

"ನಾವು ಜೀವ ಇದ್ದದ್ದನ್ನೇ ಸುಡುದಲ್ವಾ ಮಾರಾಯ," ಎಂದರು.

ಪಂಪಿಗೆ ಬೆಸುಗೆಯ ತಳ ಹೋಗಿ, ಸುಲಭವಾಗಿ ಬಿಚ್ಚಿ ವಾಷರ್ ಬದಲಿಸಬಹುದಾದ ತಿರುಪಿನ ತಳ ಬಂತು. ಮಾರುವಾಗಲೇ ತೊಳೆಯುವ ಕ್ರಮ ಹೇಳಿಕೊಡುವುದಾಯಿತು, ಹಳೆಯ ಪಂಪುಗಳ ದುರಸ್ತಿಗೆಂದೇ ಒಂದು ಮೇಜು ಹಾಕಿದರು. ಆ ವರ್ಷದೊಳಗೇ ಕುಲುಮೆ ವಾರಕ್ಕೆ ಎರಡೇ ದಿನ ಉರಿಯತೊಡಗಿತು. ಎರಡು ದಿನದ ಕುಲುಮೆಗೆ ಇಬ್ಬರು ಮೇಸ್ತ್ರಿಗಳು ಯಾಕೆ? ಕಿರಿಯವನು ನಾನು, ಮನೆಯಲ್ಲಿ ಮೂರು ತಿಂಗಳ ಹಸುಗೂಸು. ಎಲ್ಲರೆದುರೇ ಅವರಿಗೆ ಬಾಯಿಗೆ ಬಂದಂತೆ ಬೈದೆ, ನನ್ನ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದೆ. ಅವರು ಕೈಯಲ್ಲಿದ್ದ ಪಂಪಿಗೆ ಹೊಸ ವಾಷರ್ ಹಾಕಿ ಮೇಜಿನ ಮೇಲಿಟ್ಟರು.

ಮುಂದಿನ ಸೋಮವಾರ ದೊಡ್ಡ ಮೇಸ್ತ್ರಿಯ ಹುದ್ದೆ ನನಗೆ ಬಂತು. ಗೌಡರು ದುರಸ್ತಿ ಮೇಜಿನಲ್ಲಿ ಸಾಮಾನ್ಯ ಕೆಲಸಗಾರರಾಗಿ ಕೂತಿದ್ದರು. ಯಜಮಾನರೇ ಇಳಿಸಿದ್ದಾರೆ, ಹಾಗೇ ಆಗಬೇಕು ಎಂದು ಒಳಗೊಳಗೇ ಹಿಗ್ಗಿದೆ. ಎಂಥ ಮೂರ್ಖ ನಾನು! ಹನ್ನೆರಡು ವರ್ಷ ಅವರು ಆ ಮೇಜಿನಲ್ಲೇ ದುಡಿದರು. ಬೆಳಿಗ್ಗೆ ನನ್ನನ್ನು ಮೊದಲು ಮಾತಾಡಿಸುವವರೂ ಅವರೇ.

ಗೌಡರ ಈ ಅಭಿನಂದನಾ ಸಂಪುಟದ ಸಲುವಾಗಿ ಕಳೆದ ತಿಂಗಳು ಕಾರ್ಖಾನೆಯ ಯಜಮಾನರಾದ ಮಹಾಬಲ ರೈಗಳನ್ನು ಕಂಡಾಗ ನಿಜ ತಿಳಿಯಿತು. ಒಬ್ಬ ಮೇಸ್ತ್ರಿ ಸಾಕೆಂದು ಅವರು ಅಂದು ಹೇಳಿದ್ದಕ್ಕೆ ಗೌಡರು ಕೊಟ್ಟ ಉತ್ತರ ಇಷ್ಟೇ: "ಹಾಗಾದ್ರೆ ಕೃಷ್ಣಮೋಹನ ಇರಲಿ. ಕುಲುಮೆ ಕಮ್ಮಿ ಮಾಡಿದ್ದು ನಾನಲ್ವಾ, ಇಳಿಯುದೂ ನಾನೇ."

ಬೆಳ್ಯಪ್ಪಣ್ಣ, ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಆಯುರಾರೋಗ್ಯದಿಂದ ನೂರು ಕಾಲ ಬಾಳಿ. ಕೈಗೆ ಕೆಲಸ ತಪ್ಪದಿರಲಿ. ನನ್ನಿಂದ ತಪ್ಪಾಯಿತು. ಹನ್ನೆರಡು ವರ್ಷ ನಾನು ಕೂತದ್ದು ನಿಮ್ಮ ಕುರ್ಚಿಯಲ್ಲಿ.