ರಾಜನ ಕೋಟಿನ ಕಂಕುಳು

ಮೂವತ್ತು ವರ್ಷದಿಂದ ಇಳಕಲ್ಲಿನಲ್ಲಿ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದೇನೆ. ನಾನು ಹೊಲಿದ ಕುಪ್ಪಸ ಕಂಕುಳಲ್ಲಿ ಹರಿಯಿತೆಂದು ಇವತ್ತಿನವರೆಗೆ ಒಬ್ಬರೂ ತಂದು ತೋರಿಸಿಲ್ಲ. ಆದರೂ ಬಾದಾಮಿಯ ಸಿನಿಮಾ ಚಿತ್ರೀಕರಣಕ್ಕೆ ನಿರ್ದೇಶಕರು ಕರೆಸಿದಾಗ ಅಲ್ಲಿನ ವೇಷಭೂಷಣದವನು ನನ್ನನ್ನು ನೋಡಿ, "ಕುಪ್ಪಸ ಹೊಲಿಯೋರಿಗೆ ಕೋಟು ಬರುತ್ತಾ?" ಎಂದ. ಮೈಯೆಲ್ಲ ಉರಿಯಿತು.

ದೊಡ್ಡ ಹೆಸರಿನ ರಾಕ್ ಹಾಡುಗಾರನೊಬ್ಬ ಆ ಸಿನಿಮಾದಲ್ಲಿ ಹಾಡುವ ರಾಜನ ಪಾತ್ರ ಮಾಡುತ್ತಿದ್ದ. ಅವನಿಗೆ ನಮ್ಮ ಇಳಕಲ್ ಸೀರೆಯಿಂದ ಕೋಟು ಹೊಲಿಸಿದ್ದರು. ಹಾಡುತ್ತ ಕೈ ಎತ್ತಿದರೆ ಸಾಕು, ಕಂಕುಳು ಚರ್ರೆಂದು ಹರಿಯುತ್ತಿತ್ತು. ಎರಡು ಕೋಟು ಹಾಳಾಗಿ ಒಂದೇ ಸೀರೆ ಉಳಿದಿತ್ತು. ಸೀರೆಗೇ ಬಲವಿಲ್ಲ, ಇದೂ ಹರಿದರೆ ಬೇರೆ ಬಟ್ಟೆ ತರಿಸುವುದೇ ಸರಿ ಎಂದು ವೇಷಭೂಷಣದವನು ಎಲ್ಲರ ಮುಂದೆ ಹೇಳಿಬಿಟ್ಟಿದ್ದ. ತಪ್ಪು ಕತ್ತರಿಯದು, ಹೆಸರು ಕೆಟ್ಟದ್ದು ನಮ್ಮೂರ ಸೀರೆಯದು.

ಅವನು ಹಾಡುಗಾರನನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದಿದ್ದ. ನನಗೆ ಅತ್ತೆ ಕಲಿಸಿದ ಪದ್ಧತಿಯೇ ಬೇರೆ. ತಲೆಯ ಮೇಲೆ ತುಂಬಿದ ಕೊಡ ಹೊರಿಸಿ, ಎರಡೂ ಕೈಯಿಂದ ಹಿಡಿಸಿ, ಆಮೇಲೆ ಟೇಪು ಹಿಡಿಯಬೇಕು. ಚಹಾ ಮಾಡುವ ಕಡೆಯಿಂದ ಒಂದು ಪ್ಲಾಸ್ಟಿಕ್ ಕೊಡ ತರಿಸಿದೆ.

"ಇದನ್ನ ತಲಿ ಮ್ಯಾಲೆ ಇಟ್ಕೊಳ್ರಿ," ಎಂದೆ.

"ನೀರು ತುಂಬಲೇಬೇಕಾ, ಅಮ್ಮಾ?" ಎಂದ ಹಾಡುಗಾರ.

"ಖಾಲಿ ಕೊಡ ಯಾರೂ ಬಿಗಿಯಾಗಿ ಹಿಡಿಯಂಗಿಲ್ರಿ. ನಾ ಏನ್ ಗುಡಿಯಾಗಿನ ಮೂರ್ತಿಗೆ ಅಂಗಿ ಹೊಲ್ಯಾಕ ಬಂದೇನೇನು?"

ವೇಷಭೂಷಣದವನು ನಕ್ಕ. ಹಾಡುಗಾರ ನಗದೆ ಕೊಡ ಹೊತ್ತು ಹತ್ತು ಹೆಜ್ಜೆ ನಡೆದ, ಕೂದಲೆಲ್ಲ ತೊಯ್ಸಿಕೊಂಡ. ನನಗೆ ಬೇಕಾದ ಅಳತೆ ಸಿಕ್ಕಿತು. ಉಳಿದಿದ್ದ ಸೀರೆಯಿಂದ ಕೋಟು ಕತ್ತರಿಸಿ, ಕೈ ಎತ್ತಿದಾಗ ಬಟ್ಟೆ ಜಗ್ಗದಂತೆ, ಕುಪ್ಪಸಕ್ಕೆ ಇಡುವ ಹಾಗೆಯೇ ಎರಡೂ ಕಂಕುಳಲ್ಲಿ ಅಂಗೈಯಗಲದ ಚೌಕ ತುಂಡು ಕೂಡಿಸಿ ಹೊಲಿದೆ.

ಮರುದಿನ ಬಾದಾಮಿಯ ದೊಡ್ಡ ಹೊಂಡದ ದಂಡೆಯಲ್ಲಿ ಹಾಡಿನ ಚಿತ್ರೀಕರಣ. ಕೆರಳಿದ ಹೋರಿಯ ಹಾಗೆ ಹಾಡುಗಾರ ಜಿಗಿದ, ಎರಡೂ ಕೈ ಮೇಲೆತ್ತಿ ಹಾಡಿದ. ಜನರೆಲ್ಲ ಅವನ ಮುಖ ನೋಡುತ್ತಿದ್ದರೆ ನಾನೊಬ್ಬಳು ಅವನ ಕಂಕುಳು ನೋಡುತ್ತಿದ್ದೆ. ನಿರ್ದೇಶಕರು ಇನ್ನೊಮ್ಮೆ, ಮತ್ತೊಮ್ಮೆ ಎಂದು ಏಳು ಸಲ ಮಾಡಿಸಿದರು. ಒಂದು ಎಳೆಯೂ ಅಲುಗಲಿಲ್ಲ. ಏಳನೆಯ ಸಲ ಮುಗಿದಾಗ ನಾನು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಮೊಮ್ಮಕ್ಕಳನ್ನು ಕಂಡವಳು, ನಾಚಿಕೆ ಎಳ್ಳಷ್ಟೂ ಆಗಲಿಲ್ಲ.

ವೇಷಭೂಷಣದವನು ಹತ್ತಿರ ಬಂದು ಕೋಟಿನ ತೋಳು ಎಳೆದೆಳೆದು ನೋಡಿದ. "ಸೀರೆ ಗಟ್ಟಿ ಇದೆ," ಎಂದು ಮೆಲ್ಲಗೆ ಹೇಳಿದ.

"ಇನ್ನೊಮ್ಮೆ ಹೇಳ್ರಿ," ಎಂದೆ, "ಎಲ್ಲಾರಿಗೂ ಕೇಳೂ ಹಂಗ."